ಸಿನಿಮಾದವರು ಸರಿಯಾಗಿ ತೋರಿಸಿದ ಒಂದೇ ಲಿಫ್ಟು

ನಮ್ಮನೆಯವರ ಜೊತೆ ಸಿನಿಮಾಕ್ಕೆ ಹೋಗುವುದೆಂದರೆ ಒಂದೇ ಟಿಕೆಟ್ಟಿನಲ್ಲಿ ಎರಡು ಸಿನಿಮಾ ನೋಡಿದ ಹಾಗೆ. ಒಂದು ಪರದೆಯ ಮೇಲೆ ನಡೆಯುತ್ತದೆ, ಇನ್ನೊಂದು ನನ್ನ ಎಡಗಿವಿಯಲ್ಲಿ. ಅವರು ಲಿಫ್ಟ್ ಮೆಕ್ಯಾನಿಕ್. ಮೂವತ್ತೊಂದು ವರ್ಷ ಊರಿನ ಲಿಫ್ಟುಗಳ ಜಿಡ್ಡು, ಬಾಗಿಲು, ರೋಪುಗಳ ನಡುವೆಯೇ ತಲೆ ಬೆಳ್ಳಗೆ ಮಾಡಿಕೊಂಡ ಮನುಷ್ಯ. ಪರದೆಯ ಮೇಲೆ ಎಲ್ಲಾದರೂ ಒಂದು ಲಿಫ್ಟ್ ಕಂಡಿತೋ, ನನ್ನ ಕಥೆ ಮುಗಿಯಿತು. ನಾಯಕಿ ಸಾಯುತ್ತಿರಲಿ, ನಾಯಕ ಅಳುತ್ತಿರಲಿ, ಇವರ ಕಣ್ಣು ಲಿಫ್ಟಿನ ಬಾಗಿಲ ಮೇಲೆ.

ಕೆಲವು ತಿಂಗಳ ಹಿಂದೆ ಒಂದು ಹೊಡೆದಾಟದ ಚಿತ್ರ ನೋಡಿದೆವು. ಖಳನಾಯಕ ಕೊಡಲಿ ಹಿಡಿದು ಟೆರೇಸಿಗೆ ಹೋಗಿ ಒಂದೇ ಏಟಿಗೆ ಲಿಫ್ಟಿನ ರೋಪು ಕತ್ತರಿಸಿಬಿಟ್ಟ. ಒಳಗೆ ನಾಯಕನ ತಂಗಿ. ಇನ್ನೂ ಲಿಫ್ಟ್ ಕೆಳಗೆ ತಲುಪಿರಲಿಲ್ಲ, ನನ್ನ ಕರವಸ್ತ್ರ ಆಗಲೇ ಒದ್ದೆಯಾಗಿತ್ತು.

"ಒಂದೇ ರೋಪಂತೆ! ನಾಲ್ಕಿರುತ್ತೆ ಕಣೇ. ಒಂದೊಂದೂ ಇಡೀ ಲಿಫ್ಟ್ ಹೊರೋ ಅಷ್ಟು ಗಟ್ಟಿ. ನಾಲ್ಕೂ ಹೋದ್ರೂ ಲಿಫ್ಟಿನ ಕೆಳಗೆ ಉಕ್ಕಿನ ದವಡೆ ಇದೆ, ಪಕ್ಕದ ಕಂಬಿ ಕಚ್ಚಿ ಹಿಡ್ಕೊಂಡ್ಬಿಡುತ್ತೆ. ಆ ಹುಡುಗಿ ಸಾಯಲ್ಲ, ಅಳ್ಬೇಡ."

"ಸತ್ತಳಲ್ರೀ, ಅಲ್ನೋಡಿ!"

"ಸಾಯಲ್ಲ. ಹಂಗೆಲ್ಲ ಆಗಲ್ಲ."

ಮುಂದಿನ ಸಾಲಿನವರು ತಿರುಗಿ 'ಶ್ಶ್' ಎಂದರು. ಇವರ ಪರವಾಗಿ ಕೈಮುಗಿದು ಕ್ಷಮೆ ಕೇಳುವುದು ಮದುವೆಯಾದಾಗಿನಿಂದ ನನ್ನ ಪಾಲಿನ ಕೆಲಸ. ಕೇಳಿದೆ. 'ಹಂಗೆಲ್ಲ ಆಗಲ್ಲ' ಎನ್ನುವುದು ಇವರ ಬಾಯಿಪಾಠ. ಮಗಳು ಚಿಕ್ಕವಳಿದ್ದಾಗ ಅಪ್ಪನ ಹಾಗೆಯೇ ಗಂಟಲು ದಪ್ಪ ಮಾಡಿ ಅದನ್ನು ಹೇಳಿ ನಗಿಸುತ್ತಿದ್ದಳು. ಅವಳು ಮದುವೆಯಾಗಿ ಹೋದ ಮೇಲೂ ಫೋನಿನಲ್ಲಿ ಮೊದಲು ಕೇಳುವುದು ಇದನ್ನೇ: "ಈ ವಾರದ ಸಿನಿಮಾದಲ್ಲಿ ಲಿಫ್ಟ್ ಇತ್ತಾಮ್ಮ? ಪಾಸಾ, ಫೇಲಾ?" ಒಂದೂ ಪಾಸಾಗಿರಲಿಲ್ಲ.

ನನ್ನದು ಬೇರೆ ಹುಚ್ಚು. ನಾನು ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೌಂಟರಿನ ಹಿಂದೆ ಕೂರುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಜನರ ಕೈಗೆ ಲಕೋಟೆ ಕೊಡುವುದು. ಕೆಲವರು ಅಲ್ಲೇ ಒಡೆದು ಓದುತ್ತಾರೆ, ಅವರ ಮುಖ ನನ್ನ ಕಣ್ಣೆದುರೇ ಸಣ್ಣದಾಗುತ್ತದೆ. ಆಗ ನಾನು ಅಳುವಂತಿಲ್ಲ, 'ಮುಂದಿನವರು ಬನ್ನಿ' ಎನ್ನಬೇಕು. ಅಲ್ಲಿ ಉಳಿಸಿಕೊಂಡ ಅಳುವನ್ನೆಲ್ಲ ನಾನು ಖರ್ಚು ಮಾಡುವುದು ಸಿನಿಮಾದಲ್ಲಿ. ಅದರಲ್ಲೂ ಯಾರಾದರೂ ತಪ್ಪೊಪ್ಪಿಕೊಳ್ಳುವ ದೃಶ್ಯ ಬಂದರೆ ಮುಗಿಯಿತು. ಅವನು ಬಾಯಿ ತೆರೆಯುವ ಮೊದಲೇ ನಾನು ಶುರು. "ನಿನ್ನ ಕಣ್ಣಿಗೊಂದು ನಲ್ಲಿ ಹಾಕಿಸ್ಬೇಕು ಕಣೇ, ತಿರುಗಿಸಿ ನಿಲ್ಸೋಕೆ" ಎಂದು ಇವರು ರೇಗಿಸುತ್ತಿದ್ದರು. ಇನ್ನೊಂದು ಹುಚ್ಚೂ ಇದೆ, ಅದನ್ನು ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. ನನಗೆ ಸಿನಿಮಾ ಮೊದಲ ಹೆಸರಿನಿಂದಲೇ ನೋಡಬೇಕು. ಪರದೆಯ ಮೇಲೆ ಹೆಸರುಗಳು ಬರಲು ಶುರುವಾದ ಮೇಲೆ ಒಳಗೆ ಹೋಗುವುದೆಂದರೆ ನನಗೆ ಅರ್ಧ ಊಟದ ಎಲೆಗೆ ಕೂತ ಹಾಗೆ. ಅದಕ್ಕಾಗಿ ಎಷ್ಟು ಜಗಳ ಆಡಿದ್ದೇನೋ ಲೆಕ್ಕವಿಲ್ಲ.

ಈಗ ಐದು ತಂತಿಗಳ ವಿಷಯ.

ನಮ್ಮ ಮಲಗುವ ಕೋಣೆಯ ಬಾಗಿಲ ಹಿಂದೆ ಒಂದು ಮೊಳೆ. ಅದರಲ್ಲಿ ಪ್ರತಿ ಸಂಜೆ ಐದು ಕೆಂಪು ತಂತಿಗಳು ನೇತಾಡುತ್ತಿದ್ದವು. ಒಂದೊಂದೂ ಮೊಳದುದ್ದ, ಎರಡು ತುದಿಗೂ ಹಲ್ಲಿರುವ ಕ್ಲಿಪ್ಪು. ಲಿಫ್ಟಿಗೆ ಒಂದು ನಿಯಮವಿದೆಯಂತೆ. ಎಲ್ಲ ಮಹಡಿಯ ಬಾಗಿಲೂ ಮುಚ್ಚಿದ್ದರೆ ಮಾತ್ರ ಅದು ಅಲುಗಾಡಬೇಕು, ಒಂದು ತೆರೆದಿದ್ದರೂ ಕಲ್ಲಿನಂತೆ ನಿಲ್ಲಬೇಕು. ಯಾವ ಮಹಡಿಯ ಬಾಗಿಲು ತಕರಾರು ಮಾಡುತ್ತಿದೆ ಎಂದು ಹುಡುಕುವಾಗ ಮೆಕ್ಯಾನಿಕ್ ಟೆರೇಸಿನ ಮೇಲಿನ ಯಂತ್ರದ ಕೋಣೆಗೆ ಹೋಗಿ, ಅಲ್ಲಿನ ಪೆಟ್ಟಿಗೆಯಲ್ಲಿ ಈ ತಂತಿ ಸಿಕ್ಕಿಸುತ್ತಾನೆ. ಆಗ ಲಿಫ್ಟು ಬಾಗಿಲು ಮುಚ್ಚಿದೆ ಎಂದೇ ನಂಬಿ ಓಡುತ್ತದೆ. "ಯಂತ್ರಕ್ಕೆ ಸುಳ್ಳು ಹೇಳೋ ತಂತಿ ಕಣೇ ಇದು," ಎಂದು ಇವರು ಒಮ್ಮೆ ನನಗೆ ಬಿಡಿಸಿ ಹೇಳಿದ್ದರು. "ಕೆಲಸ ಮುಗಿದ ಕೂಡ್ಲೇ ತೆಗೀಬೇಕು. ಮರೆತ್ರೆ ಬಾಗಿಲು ತೆರೆದಿದ್ರೂ ಲಿಫ್ಟ್ ಹೊರಟುಬಿಡುತ್ತೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇದ್ದೋರ ಗತಿ ಏನು ಹೇಳು?"

ಮರೆಯಬಾರದೆಂದೇ ಬಣ್ಣ ಕೆಂಪು, ಉದ್ದ ಮೊಳದುದ್ದ. ಪೆಟ್ಟಿಗೆಯ ಬಾಗಿಲು ಮುಚ್ಚಲು ಹೋದರೆ ತಂತಿ ಹೊರಗೆ ಇಳಿಬಿದ್ದು ಅಡ್ಡ ಬರಬೇಕು. ಅದರ ಮೇಲೆ ಎಣಿಕೆ ಬೇರೆ. ಯಂತ್ರದ ಕೋಣೆ ಬಿಡುವ ಮೊದಲು ಒಮ್ಮೆ, ಮನೆಯಲ್ಲಿ ಅಂಗಿ ಬಿಚ್ಚುವ ಮೊದಲು ಇನ್ನೊಮ್ಮೆ, ಅದೂ ಬಾಯಿಬಿಟ್ಟು: ಒಂದು, ಎರಡು, ಮೂರು, ನಾಲ್ಕು, ಐದು. ಕೆಲಸ ಕಲಿಸಿದ ಹಳೇ ಮೇಸ್ತ್ರಿ ಹಾಕಿಕೊಟ್ಟ ಅಭ್ಯಾಸವಂತೆ. ಮನೆಗೆ ಬಂದ ಗಂಡ ಹೆಂಡತಿಯ ಮುಖ ನೋಡುವ ಮೊದಲು ತಂತಿ ಎಣಿಸಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ನಾನು ಅವಕ್ಕೆ 'ನನ್ನ ಐದು ಜನ ಸವತಿಯರು' ಎಂದು ಹೆಸರಿಟ್ಟಿದ್ದೆ.

ಆ ಶುಕ್ರವಾರ ಹೊಸ ಚಿತ್ರವೊಂದು ಬಿಡುಗಡೆಯಾಗಿತ್ತು. ಕಾಯಿಲೆ ಮುಚ್ಚಿಟ್ಟುಕೊಂಡು ಮಕ್ಕಳ ಮದುವೆ ಮಾಡುವ ತಾಯಿಯ ಕಥೆ, ಅಂದರೆ ನನಗೆಂದೇ ತೆಗೆದದ್ದು. ಸಂಜೆ ಆರರ ಆಟ. ಇವರು ಹತ್ತಿರದಲ್ಲೇ ಒಂದು ಹಳೆಯ ನಾಲ್ಕು ಮಹಡಿ ಕಟ್ಟಡದಲ್ಲಿ, ಕೈಯಿಂದಲೇ ಎಳೆದು ಮುಚ್ಚುವ ಬಾಗಿಲಿನ ಲಿಫ್ಟ್ ರಿಪೇರಿಯಲ್ಲಿದ್ದರು. ಕೆಳಗೆ ಹಲ್ಲಿನ ಡಾಕ್ಟರು, ಮಧ್ಯದಲ್ಲಿ ಒಂದೆರಡು ಕಚೇರಿ, ಮೇಲೆ ಭಾನುವಾರಗಳಂದು ಮಕ್ಕಳ ಚಿತ್ರಕಲೆಯ ತರಗತಿ ಇರುವ ಕಟ್ಟಡ ಅದು. ಐದು ಗಂಟೆಗೆ ಫೋನ್ ಮಾಡಿದೆ. "ಬಂದೆ" ಎಂದರು. ಐದೂಕಾಲಿಗೆ ಮಾಡಿದೆ. "ಬಂದೆ ಬಂದೆ" ಎಂದರು. ಐದೂವರೆಗೆ ಮಾಡಿ ಬಾಯಿಗೆ ಬಂದದ್ದು ಅಂದೆ. "ನಿಮಗೆ ಆ ಡಬ್ಬಾ ಲಿಫ್ಟೇ ಹೆಚ್ಚಾದ್ರೆ ಅದರ ಜೊತೇನೇ ಸಂಸಾರ ಮಾಡಿ! ಹೆಸರು ಬರೋದು ತಪ್ಪಿದ್ರೆ ನಾನು ಒಳಗೇ ಬರಲ್ಲ, ಮನೆಗೆ ಹೋಗ್ತೀನಿ!"

ಆರಕ್ಕೆ ಐದು ನಿಮಿಷ ಇರುವಾಗ ಏದುಸಿರು ಬಿಡುತ್ತಾ, ಸಲಕರಣೆಯ ಚೀಲವನ್ನೂ ಹೆಗಲಿಗೆ ಹಾಕಿಕೊಂಡು ಬಂದರು. ಒಂದು ಹೆಸರೂ ತಪ್ಪಲಿಲ್ಲ. ಆ ಚಿತ್ರದಲ್ಲಿ ಲಿಫ್ಟ್ ಇರಲಿಲ್ಲ, ಆದ್ದರಿಂದ ಇವರು ಸುಖವಾಗಿ ನಿದ್ದೆ ಮಾಡಿದರು. ನಾನು ಎರಡು ಕರವಸ್ತ್ರ ಒದ್ದೆ ಮಾಡಿದೆ. ಮನೆಗೆ ಬಂದವರೇ ಚೀಲವನ್ನು ಮಂಚದ ಕೆಳಗೆ ತಳ್ಳಿ ಮಲಗಿಬಿಟ್ಟರು. ಆ ದಿನ ಸವತಿಯರ ಎಣಿಕೆ ಆಗಲಿಲ್ಲ. ನನಗೆ ಅದು ಗೊತ್ತಿತ್ತು, ಸದ್ಯ ಒಂದು ದಿನ ತಪ್ಪಿತು ಎಂದು ಖುಷಿಯೂ ಆಗಿತ್ತು. ಶನಿವಾರ ಇವರಿಗೆ ರಜೆ, ಚೀಲ ಅಲ್ಲೇ ಇತ್ತು.

ಭಾನುವಾರ ಮಗಳು ನಮಗೆ ಇನ್ನೊಂದು ಚಿತ್ರದ ಟಿಕೆಟ್ ಮಾಡಿಸಿದ್ದಳು. ದೆವ್ವದ ಕಥೆ, ಮಧ್ಯಾಹ್ನ ಎರಡೂವರೆಯ ಆಟ. ಒಂಟಿ ಹೆಂಗಸು ಹಳೆಯ ಅಪಾರ್ಟ್‌ಮೆಂಟಿಗೆ ಬರುತ್ತಾಳೆ, ದೀಪ ತಾನಾಗಿ ಆರುತ್ತದೆ, ನಲ್ಲಿ ತಾನಾಗಿ ತಿರುಗುತ್ತದೆ. ನನಗೆ ಭಯಕ್ಕಿಂತ ಆಕಳಿಕೆ ಹೆಚ್ಚು ಬರುತ್ತಿತ್ತು. ಸುಮಾರು ಮುಕ್ಕಾಲು ಗಂಟೆಯ ಮೇಲೆ ಲಿಫ್ಟ್ ಬಂತು. ನಾನು ಎಡಗಿವಿ ಸಿದ್ಧ ಮಾಡಿಕೊಂಡೆ. ನಾಯಕಿ ಫೋನ್ ನೋಡುತ್ತಾ ಲಿಫ್ಟಿನ ಮುಂದೆ ನಿಲ್ಲುತ್ತಾಳೆ. ಬಾಗಿಲು ತೆರೆದೇ ಇದೆ, ಒಳಗೆ ಲಿಫ್ಟೇ ಇಲ್ಲ, ಬರೀ ಕತ್ತಲ ಬಾವಿ. ಲಿಫ್ಟ್ ಮೇಲೆಲ್ಲೋ ಹೊರಟುಹೋಗಿದೆ. ಅವಳು ಫೋನಿನಿಂದ ಕಣ್ಣೆತ್ತದೆ ಕಾಲು ಮುಂದಿಡುತ್ತಾಳೆ.

ಇಡೀ ಚಿತ್ರಮಂದಿರ ಕಿರುಚಿತು. ನಾನೂ ಕಿರುಚಿದೆ. ಇವರು ಮಾತ್ರ ತುಟಿ ಪಿಟಕ್ ಎನ್ನಲಿಲ್ಲ.

"ಏನ್ರೀ, ಹಂಗೆಲ್ಲ ಆಗಲ್ಲ ಅನ್ನಲ್ವಾ?" ಎಂದು ಭುಜ ತಟ್ಟಿದೆ.

"ಆಗುತ್ತೆ," ಎಂದರು.

"ಏನು?"

"ಇದು ಆಗುತ್ತೆ ಕಣೇ. ಇದೊಂದನ್ನ ಸರಿಯಾಗಿ ತೋರಿಸಿದ್ದಾರೆ."

ಪರದೆಯ ಬೆಳಕಿನಲ್ಲಿ ನೋಡಿದರೆ ಬೆರಳು ಮಡಚುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು. ಮತ್ತೆ ಮೊದಲಿನಿಂದ. "ಶುಕ್ರವಾರ ನಾನು ತಂತಿ ತೆಗೆದೆನಾ?" ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು? ಆದರೆ ಆ ರಾತ್ರಿ ಎಣಿಕೆ ಆಗಿರಲಿಲ್ಲವೆಂದು ಗೊತ್ತಿತ್ತು. ಭಾನುವಾರ ನಾಲ್ಕು ಗಂಟೆಗೆ ಶುಕ್ರವಾರದ ಆ ಕಟ್ಟಡದ ಮೇಲಿನ ಮಹಡಿಗೆ ಮಕ್ಕಳು ಬರುತ್ತಾರೆ.

ಸಾಲಿನವರ ಕಾಲು ತುಳಿದುಕೊಂಡೇ ಹೊರಗೆ ಬಂದೆವು. ಕಟ್ಟಡದ ವಾಚ್‌ಮನ್‌ಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಆಟೋದಲ್ಲಿ ಇವರು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ನಾನು ಮನಸ್ಸಿನಲ್ಲೇ ಮೂರು ಫೋನ್ ಕರೆಗಳನ್ನು ಎಣಿಸುತ್ತಿದ್ದೆ. ಐದು, ಐದೂಕಾಲು, ಐದೂವರೆ.

ಇಳಿಯುತ್ತಿದ್ದಂತೆ, "ನೀನು ಕೆಳಗೆ ಬಾಗಿಲ ಮುಂದೆ ನಿಂತ್ಕೋ. ಯಾರನ್ನೂ ಹತ್ತೋಕೆ ಬಿಡ್ಬೇಡ," ಎಂದು ಹೇಳಿ ಮೆಟ್ಟಿಲ ಕಡೆ ಓಡಿದರು. ಐವತ್ತೊಂಬತ್ತು ವರ್ಷ, ಮಂಡಿನೋವು, ನಾಲ್ಕು ಮಹಡಿ, ಅದರ ಮೇಲೆ ಟೆರೇಸು. ನಾನು ಎರಡೂ ಕೈ ಅಗಲಿಸಿ ಲಿಫ್ಟಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಚಿತ್ರ ಬರೆಯುವ ಹಲಗೆ ಎದೆಗೆ ಅವುಚಿಕೊಂಡು ಇಬ್ಬರು ಹುಡುಗಿಯರು ಬಂದೇಬಿಟ್ಟರು.

"ಆಂಟಿ, ದಾರಿ ಬಿಡಿ, ಲೇಟಾಯ್ತು."

"ಮೆಟ್ಟಿಲು ಹತ್ತಿ ಹೋಗಿ."

"ಯಾಕೆ, ಕೆಟ್ಟಿದ್ಯಾ?"

"ಹೋಗಿ ಅಂದ್ನಲ್ಲ!" ಎಂದು ಗದರಿದೆ. ನನ್ನ ದನಿಗೆ ನಾನೇ ಬೆಚ್ಚಿದೆ. ಅವರು ನನ್ನನ್ನು ಒಂಥರಾ ನೋಡಿ ಮೆಟ್ಟಿಲು ಹತ್ತಿದರು. ಸ್ವಲ್ಪ ಹೊತ್ತಿಗೆ ನನ್ನ ಬೆನ್ನ ಹಿಂದಿನ ಲಿಫ್ಟಿನ ದೀಪ ಆರಿತು. ಇವರು ಮೇಲೆ ಮುಟ್ಟಿದ್ದಾರೆ ಎಂದು ಆಗ ಉಸಿರು ಬಿಟ್ಟೆ.

ಇಳಿದು ಬಂದಾಗ ಬಲಗೈಯಲ್ಲಿ ಕೆಂಪು ತಂತಿ ಇತ್ತು. ಶುಕ್ರವಾರ ಅವಸರದಲ್ಲಿ ಅದು ಹೊರಗೆ ಇಳಿಬೀಳುವ ಬದಲು ಪೆಟ್ಟಿಗೆಯ ಒಳಗೇ ಸುರುಳಿಯಾಗಿ ಬಿದ್ದಿತ್ತು, ಬಾಗಿಲಿಗೆ ಅಡ್ಡ ಬಂದಿರಲಿಲ್ಲ. ಇವರ ಮುಖ ಲಕೋಟೆ ಒಡೆದವರ ಮುಖದ ಹಾಗಿತ್ತು. ನಾನು ಏನೋ ಹೇಳಬೇಕೆನ್ನುವಷ್ಟರಲ್ಲಿ ಮೆಟ್ಟಿಲ ಕೆಳಗಿನ ಗೂಡಿನಿಂದ ಒಬ್ಬ ಹೆಂಗಸು ಬಂದಳು. ಆ ಕಟ್ಟಡದ ನೆಲ ಒರೆಸುವವಳು. ನನ್ನದೇ ವಯಸ್ಸು, ತೆಳ್ಳಗೆ, ಕೈಯಲ್ಲಿ ಒದ್ದೆ ಬಟ್ಟೆ. ಇವರನ್ನು ಕಂಡದ್ದೇ ಹತ್ತಿರ ಬಂದು ದನಿ ತಗ್ಗಿಸಿದಳು.

"ಸಾರ್, ಲಿಫ್ಟ್ ಸರಿ ಮಾಡೋಕೆ ಬಂದ್ರಾ? ನಿನ್ನೆ ಬೆಳಗ್ಗೆ ನಾನೇ ಕೆಡಿಸ್ಬಿಟ್ಟೆ ಸಾರ್."

"ನೀನಾ?"

"ಮೊದಲು ಇಳಿದಾಗ ಬಾಗಿಲು ಸರಿಯಾಗಿ ಹಾಕಿರ್ಲಿಲ್ಲ ಅನ್ಸುತ್ತೆ. ಬಕೆಟ್ ಹೊಸ್ತಿಲ ಮೇಲಿಟ್ಟು ಒಂದು ಕಾಲು ಒಳಗಿಟ್ಟೆ, ಅಷ್ಟರಲ್ಲಿ ಹೊರಟೇಹೋಯ್ತು. ಕಾಲು ಎಳ್ಕೊಂಡೆ, ಚಪ್ಪಲಿ ಸಿಕ್ಕಾಕೊಳ್ತು. ಬಕೆಟ್ ಬಾಗಿಲಿಗೆ ಸಿಕ್ಕಿ ಚಪ್ಪಟೆ ಆಗೋಯ್ತು ಸಾರ್." ಗೂಡಿನ ಒಳಗೆ ಕೈ ತೋರಿಸಿದಳು. ನೀಲಿ ಬಕೆಟ್ಟು ಮಡಚಿದ ಕಾಗದದ ಹಾಗೆ ಬಿದ್ದಿತ್ತು. "ಯಾರಿಗೂ ಹೇಳ್ಬೇಡಿ ಸಾರ್, ನಿಮ್ಮ ದಮ್ಮಯ್ಯ. ಮ್ಯಾನೇಜರಿಗೆ ಗೊತ್ತಾದ್ರೆ ಕೆಲಸದಿಂದ ತೆಗೆದ್ಬಿಡ್ತಾರೆ."

"ಏಟಾಯ್ತೇನಮ್ಮಾ?" ಎಂದರು ಇವರು.

"ಇಲ್ಲ ಸಾರ್, ಹೆದರ್ಕೊಂಡೆ ಅಷ್ಟೇ."

ಆಗ ಇವರು ಮಾಡಿದ್ದನ್ನು ನಾನು ನೋಡಿದೆ. ತಂತಿ ಹಿಡಿದಿದ್ದ ಕೈಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ತೆಗೆದುಕೊಂಡರು. ಅವಳು ಮತ್ತೊಮ್ಮೆ ಕೈಮುಗಿದಳು. ಇವರು ತಲೆಯಾಡಿಸಿದರು. ಹೇಳುವುದಿಲ್ಲ ಎಂಬಂತೆ ತಲೆಯಾಡಿಸಿದರು, ನಾನು ಸಾಕ್ಷಿ.

ಮನೆಗೆ ಬಂದ ಮೇಲೆ ನಾನು ಮುಚ್ಚುಮರೆಯಿಲ್ಲದೆ ಹೇಳಿದೆ, "ಯಾರಿಗೂ ಏನೂ ಆಗಿಲ್ಲ. ತಂತಿ ತೆಗೆದಾಯ್ತು. ನಿವೃತ್ತಿಗೆ ಐದು ತಿಂಗಳಿದೆ. ಬಾಯಿಗೆ ಬೀಗ ಹಾಕ್ಕೊಂಡು ಸುಮ್ನಿರಿ." ಸಿನಿಮಾದಲ್ಲಿ ತಪ್ಪೊಪ್ಪಿಕೊಂಡವರಿಗಾಗಿ ಬಕೆಟ್‌ಗಟ್ಟಲೆ ಅತ್ತವಳು ನಾನೇ. ಸ್ವಂತ ಗಂಡನ ಸರದಿ ಬಂದಾಗ ಹೀಗೆ ಹೇಳಿದೆ. ನಾಚಿಕೆಯಾಗುತ್ತದೆ, ಆದರೂ ಹೇಳಿದ್ದು ಹೇಳಿದ್ದೇ.

ಇವರು ಊಟದ ಮೇಜಿನ ಮೇಲೆ ಬಿಳಿ ಹಾಳೆ ಹಾಸಿಕೊಂಡು ಕೂತರು. ಕಂಪನಿಗೆ ವರದಿ. ಅಕ್ಷರ ದುಂಡಗೆ, ಒಂದು ಪದವನ್ನೂ ಹೊಡೆದುಹಾಕಿರಲಿಲ್ಲ. ಬರೆದು ಮುಗಿಸಿ ನನ್ನ ಕಡೆ ತಳ್ಳಿದರು. ಎಷ್ಟು ಗಂಟೆಗೆ ತಂತಿ ಹಾಕಿದೆ, ಎಷ್ಟು ಗಂಟೆ ಅದು ಅಲ್ಲೇ ಇತ್ತು, ಎಣಿಸದೆ ಬಂದದ್ದು, ಪೂರ್ತಿ ತಪ್ಪು ತನ್ನದು. ಕೆಳಗೆ ಇನ್ನೊಂದು ಸಾಲು: ಶನಿವಾರ ಬೆಳಗ್ಗೆ ಕಟ್ಟಡದ ನೆಲ ಒರೆಸುವ ಮಹಿಳೆಯ ಕಾಲು ಸಿಕ್ಕಿಕೊಳ್ಳುವುದು ಕೂದಲೆಳೆಯಲ್ಲಿ ತಪ್ಪಿದೆ, ಬಕೆಟ್ ಜಜ್ಜಿಹೋಗಿದೆ.

"ಅವಳ ವಿಷಯ ಯಾಕೆ ಬರೆದ್ರಿ? ಹೇಳ್ಬೇಡಿ ಅಂತ ಕೈಮುಗಿದಳಲ್ರೀ."

"ವರದಿ ಅಂದ್ಮೇಲೆ ಪೂರ್ತಿ ಇರ್ಬೇಕು. ಅಪಾಯ ಎಷ್ಟು ಹತ್ತಿರ ಬಂದಿತ್ತು ಅಂತ ಅವರಿಗೆ ಗೊತ್ತಾಗ್ಬೇಡ್ವಾ? ತಪ್ಪು ನಂದು ಅಂತ ಮೇಲೇ ಬರೆದಿದೀನಲ್ಲ. ಅವಳಿಗೆ ಯಾರು ಏನಂತಾರೆ?"

ನಾನು ಇನ್ನೊಮ್ಮೆ ಓದಿದೆ. ಒಂದು ವಿಷಯ ಕಣ್ಣಿಗೆ ಬಿತ್ತು. 'ಸ್ವಂತ ಕೆಲಸದ ಅವಸರದಲ್ಲಿ' ಎಂದಷ್ಟೇ ಇತ್ತು. ನನ್ನ ಮೂರು ಫೋನು ಎಲ್ಲೂ ಇರಲಿಲ್ಲ. ಹಾಳೆಯನ್ನು ಮರಳಿ ಕೊಟ್ಟೆ. ಆ ಹೊತ್ತಿನಲ್ಲಿ ನನಗೆ ಒಳಗೊಳಗೇ ಸಮಾಧಾನವೇ ಆಯಿತು.

ಕಂಪನಿಯವರು ಕೂಗಾಡಲಿಲ್ಲ. ಇವರಿಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಸಾಹೇಬ ಕುರ್ಚಿ ಕೊಟ್ಟು ಕೂರಿಸಿ, ಪ್ರಾಮಾಣಿಕತೆಯನ್ನು ಹೊಗಳಿ, ತಂತಿಗಳನ್ನು ವಾಪಸ್ ತೆಗೆದುಕೊಂಡನಂತೆ. ನಿವೃತ್ತಿಯವರೆಗೆ ಗೋದಾಮಿನಲ್ಲಿ ಸಾಮಾನು ಕೊಡುವ ಕೆಲಸ. ಆ ಸಂಜೆ ಬಂದವರು ಅಭ್ಯಾಸಬಲದಿಂದ ಕೋಣೆಯ ಬಾಗಿಲ ಹಿಂದೆ ಹೋಗಿ, ಬರೀ ಮೊಳೆಯ ಮುಂದೆ ನಿಂತು, ಅಂಗಿ ಬಿಚ್ಚಿ ಅದಕ್ಕೇ ನೇತುಹಾಕಿದರು. ಸವತಿಯರು ಹೋದರು ಎಂದು ನಾನು ಕುಣಿಯಬೇಕಿತ್ತು. ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೂರನೇ ವಾರ ಒಂದು ಸಂಜೆ ಇವರಿಗೆ ದಾರಿಯಲ್ಲಿ ಆ ಕಟ್ಟಡದ ವಾಚ್‌ಮನ್ ಸಿಕ್ಕಿದ್ದನಂತೆ. ಬಂದವರೇ ಬೂಟು ಬಿಚ್ಚದೆ ಕುರ್ಚಿಯಲ್ಲಿ ಕೂತರು.

"ಅವಳನ್ನ ತೆಗೆದ್ಹಾಕಿದ್ರಂತೆ."

ವರದಿಯ ಪ್ರತಿ ಕಟ್ಟಡದ ಮ್ಯಾನೇಜರಿಗೂ ಹೋಗಿತ್ತು. ಆತ ಅದರಲ್ಲಿ ಓದಿದ್ದು ಕೊನೆಯ ಸಾಲನ್ನು ಮಾತ್ರ. ಇವರು ಮರುದಿನವೇ ಹೋಗಿ ಕೇಳಿಕೊಂಡರು, ಅದರ ಮುಂದಿನ ವಾರವೂ ಹೋದರು. "ತಪ್ಪು ನಿಮ್ಮದೇ ಸಾರ್, ಒಪ್ಕೊಂಡ್ರಿ, ದೊಡ್ಡತನ," ಎಂದನಂತೆ ಆ ಮನುಷ್ಯ. "ಆದ್ರೆ ಇವಳು ಶನಿವಾರ ಬೆಳಗ್ಗೆಯಿಂದ ಭಾನುವಾರದವರೆಗೂ ಬಕೆಟ್ ಬಚ್ಚಿಟ್ಕೊಂಡು ಕೂತಿದ್ಳಲ್ಲ? ಮಕ್ಕಳು ಬರೋ ಜಾಗ. ಅವಳು ಅವತ್ತೇ ಹೇಳಿದ್ರೆ?"

ಎರಡು ತಿಂಗಳು ನಾವು ಸಿನಿಮಾದ ಕಡೆ ತಲೆ ಹಾಕಲಿಲ್ಲ. ಇವರು ಗೋದಾಮಿಗೆ ಹೋಗುವುದು, ಬರುವುದು, ಗೋಡೆ ನೋಡುವುದು. ಒಂದು ದಿನ ಏನೋ ಸಣ್ಣ ಮಾತಿಗೆ ನಾನು ಸಿಡಿದೆ. "ಬಾಯಿ ಬಿಟ್ಟು ನನ್ನನ್ನ ಬೈಯ್ರಿ! ಫೋನ್ ಮಾಡಿದ್ದು ನಾನು. ಅದನ್ನ ವರದಿಯಲ್ಲಿ ಬಿಟ್ರಿ. ಬಿಡೋಕೆ ಬರುತ್ತೆ ನಿಮಗೆ! ನನ್ನ ಫೋನ್ ಬಿಟ್ಟೋರು ಅವಳ ಬಕೆಟ್ ಯಾಕೆ ಬಿಡ್ಲಿಲ್ಲ?" ಆ ಮಾತು ಮುಟ್ಟಬೇಕಾದ ಜಾಗಕ್ಕೆ ಮುಟ್ಟಿತ್ತು. ಆಡಿದ ಮೇಲೆ ನನಗೂ ಅದು ಮೊದಲ ಸಲ ಅರ್ಥವಾಯಿತು. ನನ್ನನ್ನು ಉಳಿಸಲು ಬಂದ ಕೈ ಅವಳನ್ನು ಉಳಿಸಲು ಬರಲಿಲ್ಲ, ಯಾಕೆಂದರೆ ಅವಳು ಯಾರೋ.

ಮಗಳಿಗೆ ಇವರ ಅವಸ್ಥೆ ನೋಡಿ ತಡೆಯಲಿಲ್ಲ. "ಅಪ್ಪ ಹೀಗೆ ಕೂತ್ರೆ ಹುಚ್ಚು ಹಿಡಿಯುತ್ತಮ್ಮಾ, ಕರ್ಕೊಂಡು ಹೋಗು," ಎಂದು ಮತ್ತೆ ಟಿಕೆಟ್ ಕಳಿಸಿದಳು. ಹೋದ ಭಾನುವಾರ, ಮಧ್ಯಾಹ್ನದ ಆಟ. ಒಳಗೆ ಹೋಗುವಾಗ ಅರ್ಧ ಹೆಸರು ಮುಗಿದಿತ್ತು, ನಾನು ಕೇಳಲೂ ಇಲ್ಲ.

ಚಿತ್ರದಲ್ಲಿ ಒಬ್ಬ ಎಂಜಿನಿಯರು. ಅವನ ಅಜಾಗರೂಕತೆಯಿಂದ ಸೇತುವೆ ಬಿದ್ದು ಒಬ್ಬ ಮುದುಕಿಯ ಮಗನ ಕಾಲು ಹೋಗಿದೆ. ಇಡೀ ಊರು ಸೇರಿದ ಸಭೆಯಲ್ಲಿ ಅವನು ಎದ್ದು ನಿಂತು, ತಪ್ಪು ನನ್ನದು ಎನ್ನುತ್ತಾನೆ. ಪಿಟೀಲು ಶುರುವಾಯಿತು. ಮಳೆ ಬಂತು. ಮುದುಕಿ ಎದ್ದು ನಡುಗುತ್ತಾ ಬಂದು ಅವನ ತಲೆ ಸವರಿ, 'ನೀನೂ ನನ್ನ ಮಗನೇ' ಎಂದು ಅಪ್ಪಿಕೊಂಡಳು. ಸುತ್ತಲೂ ಮೂಗೆಳೆಯುವ ಸದ್ದು. ಪಕ್ಕದ ಸೀಟಿನ ಅಜ್ಜಿಯೊಬ್ಬರು ಬಿಕ್ಕುತ್ತಿದ್ದರು. ನನ್ನ ಕಣ್ಣು ಒಣಗಿದ ನಲ್ಲಿ.

"ಹಂಗೆಲ್ಲ ಆಗಲ್ಲ!" ಎಂದೆ. ಮೆಲ್ಲಗೆ ಅಂದೆನೆಂದುಕೊಂಡಿದ್ದೆ, ಮೂರು ಸಾಲಿಗೆ ಕೇಳಿಸಿತು.

ಮುಂದಿನವರು ತಿರುಗಿ 'ಶ್ಶ್' ಎಂದರು. ನನ್ನ ಪರವಾಗಿ ಕೈಮುಗಿಯಲು ಯಾರೂ ಇರಲಿಲ್ಲ. ಇವರು ಪರದೆಯನ್ನೇ ನೋಡುತ್ತಿದ್ದರು.

"ಅವಳಿಗೆ ನಾನು ಹೇಳ್ಲೇ ಇಲ್ಲ ಕಣೇ," ಎಂದರು.

"ಏನನ್ನ?"

"ತಪ್ಪು ನಂದು ಅಂತ. ಕಂಪನಿಗೆ ಬರೆದೆ. ಮ್ಯಾನೇಜರಿಗೆ ಎರಡು ಸಲ ಹೇಳಿದೆ. ಅವಳು ಎದುರಿಗೇ ನಿಂತು ನಾನೇ ಕೆಡಿಸಿದೆ ಅಂದಾಗ ತಂತಿ ಹಿಂದೆ ಇಟ್ಕೊಂಡೆ."

ನಾನು ಎದ್ದೆ. "ಏಳಿ."

"ಇನ್ನೂ ಮುಗಿದಿಲ್ವಲ್ಲೇ."

"ಏಳ್ರೀ ಅಂದ್ರೆ."

ವಾಚ್‌ಮನ್ ಆ ಕಟ್ಟಡದ ಗೇಟಿನಲ್ಲೇ ಸಿಕ್ಕಿ ಅವಳ ಮನೆಯ ಗುರುತು ಹೇಳಿದ. ಬಸ್ ನಿಲ್ದಾಣದ ಹಿಂದಿನ ಮೂರನೇ ಗಲ್ಲಿ, ಸೈಕಲ್ ಅಂಗಡಿಯ ಮೇಲೆ. ಕಬ್ಬಿಣದ ಕಿರಿದಾದ ಮೆಟ್ಟಿಲು, ಒಬ್ಬರ ಹಿಂದೆ ಒಬ್ಬರು ಹತ್ತಬೇಕು. ಇವರು ಮುಂದೆ, ನಾನು ಹಿಂದೆ. ಬಾಗಿಲು ತಟ್ಟಿದ್ದಕ್ಕೆ ಅವಳೇ ತೆಗೆದಳು. ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಆಮೇಲೆ ಅವಳ ಮುಖದಲ್ಲಿ ಮೊದಲು ಕಂಡದ್ದು ಭಯ.

"ಸಾರ್? ಲಿಫ್ಟ್ ಮತ್ತೆ ಕೆಡ್ತಾ?"

"ಇಲ್ಲಮ್ಮಾ. ಸರಿ ಇದೆ."

"ಸದ್ಯ," ಎಂದಳು. "ಮಕ್ಕಳು ಬರ್ತಾರಲ್ಲ ಸಾರ್ ಭಾನುವಾರ. ನಾನು ಆ ಬಾಗಿಲು ಸರಿಯಾಗಿ ಹಾಕಿದ್ದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ."

ಇವರು ಎರಡೂ ಕೈ ಮುಂದೆ ತಂದು ಒಂದನ್ನೊಂದು ಹಿಡಿದುಕೊಂಡರು. "ನಿನ್ನ ತಪ್ಪಲ್ಲಮ್ಮಾ ಅದು. ನಂದು. ಶುಕ್ರವಾರ ರಿಪೇರಿ ಮಾಡ್ತಾ ಒಂದು ತಂತಿ ಹಾಕಿದ್ದೆ. ತೆಗೆಯೋದು ಮರೆತೆ. ಅದಕ್ಕೇ ಲಿಫ್ಟ್ ಹೊರಟಿದ್ದು. ನೀನು ಬಾಗಿಲು ಹಾಕಿದ್ರೂ, ಹಾಕದಿದ್ರೂ ನಿನ್ನದೇನೂ ತಪ್ಪಿಲ್ಲ. ಅವತ್ತೇ ನನಗೆ ಗೊತ್ತಿತ್ತು. ನಿನಗೆ ಹೇಳ್ಲಿಲ್ಲ."

ಅವಳು ಕೇಳಿಸಿಕೊಂಡಳು. ಕೆಳಗೆ ಸೈಕಲ್ ಅಂಗಡಿಯವನು ಚಕ್ರಕ್ಕೆ ಗಾಳಿ ಹಾಕುತ್ತಿದ್ದ ಸದ್ದು ಬರುತ್ತಿತ್ತು. ಅವಳು ಅಳಲಿಲ್ಲ, ಕೂಗಲಿಲ್ಲ.

"ಹಾಗಾದ್ರೆ ಎರಡು ತಿಂಗಳಿಂದ ನಾನು ನನ್ನನ್ನೇ ಬೈಕೊಂಡೆನಲ್ಲ ಸಾರ್," ಎಂದಳು.

ಇವರು ತಲೆ ತಗ್ಗಿಸಿದರು. ನಾನು ಇವರ ಪಕ್ಕಕ್ಕೆ ಸರಿದು ನಿಂತೆ. ಅವಸರ ಮಾಡಿದ್ದು ನಾನು, ಮೂರು ಸಲ ಫೋನ್ ಮಾಡಿದ್ದು ನಾನು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಬಾಗಿಲು ಮುಚ್ಚಿದ್ದಳು. ಜೋರಾಗಿ ಅಲ್ಲ, ಮೆಲ್ಲಗೆ. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು. ಇವರು ಅಲ್ಲೇ ನಿಂತಿದ್ದರು, ಕೈ ಹಿಡಿದು ಮೆಟ್ಟಿಲು ಇಳಿಸಬೇಕಾಯಿತು.